ಹಾರ್ಡ್ ಡಿಸ್ಕ್ ಕೈಕೊಟ್ಟರೆ ಮೊದಲು ವೈರು ಕೀಳಿ

2015ರ ಡಿಸೆಂಬರ್ 1ರ ರಾತ್ರಿ ಚೆನ್ನೈನ ಅಡ್ಯಾರ್ ನದಿ ದಂಡೆ ಮೀರಿ ಹರಿಯಿತು. ತಾಂಬರಂನಲ್ಲಿ ಒಂದೇ ದಿನಕ್ಕೆ ಸುಮಾರು 49 ಸೆಂಟಿಮೀಟರ್ ಮಳೆ ಬಿದ್ದಿತ್ತು. ಅದರ ಮೇಲೆ ಚೆಂಬರಂಬಾಕ್ಕಂ ಕೆರೆಯಿಂದ ಬಿಟ್ಟ ನೀರೂ ಸೇರಿತು. ಮುಡಿಚೂರು, ಜಾಫರ್‌ಖಾನ್‌ಪೇಟೆ, ಈಕ್ಕಾಟ್ಟುತಾಂಗಲ್, ಸೈದಾಪೇಟೆ, ಕೋಟ್ಟೂರುಪುರಂ ಮುಳುಗಿದವು. ಸಿಬ್ಬಂದಿ ಮುದ್ರಣಾಲಯ ತಲುಪಲಾಗದೆ ಮರುದಿನ ‘ದಿ ಹಿಂದೂ’ ಪತ್ರಿಕೆ ಚೆನ್ನೈನಲ್ಲಿ ಅಚ್ಚಾಗಲಿಲ್ಲ. 1878ರಲ್ಲಿ ಶುರುವಾದ ಪತ್ರಿಕೆಗೆ ಮಳೆಯಿಂದ ಹಾಗಾದದ್ದು ಅದೇ ಮೊದಲು. ನೆಲಮಹಡಿಯ ಮನೆಗಳಲ್ಲಿ, ಗಿಂಡಿಯ ಸಣ್ಣ ಕಾರ್ಖಾನೆಗಳ ಆಫೀಸುಗಳಲ್ಲಿ, ಕಂಪ್ಯೂಟರುಗಳು ನೀರಿನಲ್ಲಿ ನಿಂತವು. ಸಿಪಿಯು ಡಬ್ಬವನ್ನು ನಾವೆಲ್ಲ ಮೇಜಿನ ಕೆಳಗೆ, ನೆಲದ ಮೇಲೇ ಇಡುವುದು ತಾನೆ.

ನೀರು ಇಳಿದ ಮೇಲೆ ಒಣಗಿಸುವ ಕೆಲಸ ಶುರುವಾಯಿತು. ಹಾಸಿಗೆ, ಪುಸ್ತಕ, ಮನೆಪತ್ರ, ಮದುವೆ ಆಲ್ಬಂ ಎಲ್ಲ ಬಿಸಿಲಿಗೆ ಬಂದವು. ಜೊತೆಗೆ ಸಿಪಿಯು ಕೂಡ. ಎರಡು ದಿನ ಒಣಗಿಸುವುದು, ಕರೆಂಟ್ ಬಂದ ಕೂಡಲೇ ಸ್ವಿಚ್ ಹಾಕಿ ನೋಡುವುದು. ಅಂಗಡಿಯ ಲೆಕ್ಕ, ಮಗುವಿನ ಮೊದಲ ಹುಟ್ಟುಹಬ್ಬದ ಫೋಟೊ, ಅರ್ಧ ಬರೆದ ಪ್ರಬಂಧ ಅಲ್ಲಿಯವರೆಗೂ ಡಿಸ್ಕಿನೊಳಗೆ ಭದ್ರವಾಗಿಯೇ ಇದ್ದಿರಬಹುದು. ಅವನ್ನು ನುಂಗಿಹಾಕುವ ಶಕ್ತಿ ನೆರೆ ನೀರಿಗಿಂತ ಆ ಸ್ವಿಚ್ಚಿಗೇ ಹೆಚ್ಚು. ಕೆಟ್ಟ ಹಾರ್ಡ್ ಡಿಸ್ಕಿನ ಬಗ್ಗೆ ತಿಳಿಯಬೇಕಾದದ್ದು ಬಹಳಷ್ಟಿದ್ದರೂ ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು ಇದು. ಡಿಸ್ಕ್ ಕೆಟ್ಟಿತು ಎಂದು ಗೊತ್ತಾದ ಮೊದಲ ಗಂಟೆಯಲ್ಲಿ ನಾವು ಏನು ಮಾಡುತ್ತೇವೆ, ಏನು ಮಾಡದೆ ಸುಮ್ಮನಿರುತ್ತೇವೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಯಾಕೆ ಎಂದು ತಿಳಿಯಬೇಕಾದರೆ ಡಿಸ್ಕಿನ ಒಳಗೆ ಇಣುಕಬೇಕು. ಅಲ್ಯೂಮಿನಿಯಂ ಅಥವಾ ಗಾಜಿನ ನುಣುಪಾದ ತಟ್ಟೆಗಳು, ಅವುಗಳ ಮೇಲೆ ಕಾಂತೀಯ ಲೇಪ. ಡೆಸ್ಕ್‌ಟಾಪ್ ಡಿಸ್ಕಿನಲ್ಲಿ ಈ ತಟ್ಟೆ ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ. ಅಂಚಿನ ವೇಗ ಲೆಕ್ಕ ಹಾಕಿದರೆ ಗಂಟೆಗೆ ಸುಮಾರು 130 ಕಿಲೋಮೀಟರ್. ಅಕ್ಷರ ಓದುವ, ಬರೆಯುವ ಹೆಡ್ ಈ ತಟ್ಟೆಯನ್ನು ಮುಟ್ಟುವುದಿಲ್ಲ. ತಿರುಗುವ ತಟ್ಟೆ ಎಬ್ಬಿಸಿದ ಗಾಳಿಯ ಮೇಲೆ, ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 80,000 ನ್ಯಾನೋಮೀಟರ್. ಹೆಡ್ಡಿನ ಲೆಕ್ಕದಲ್ಲಿ ಒಂದು ಧೂಳಿನ ಕಣ ಬಂಡೆ, ಬೆರಳಚ್ಚಿನ ಜಿಡ್ಡು ಗುಡ್ಡ.

ಈ ಪೆಟ್ಟಿಗೆ ಪೂರ್ತಿ ಮುಚ್ಚಿರುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಹೀಲಿಯಂ ತುಂಬಿದ ದೊಡ್ಡ ಡಿಸ್ಕುಗಳನ್ನು ಬಿಟ್ಟರೆ ಉಳಿದವಕ್ಕೆ ಉಸಿರಾಡಲು ಒಂದು ಸಣ್ಣ ತೂತಿರುತ್ತದೆ. ಹೊರಗಿನ ಗಾಳಿಯ ಒತ್ತಡಕ್ಕೆ ಒಳಗಿನದು ಸರಿಹೊಂದಲು ಇಟ್ಟ ತೂತು ಅದು. ಅದರ ಹಿಂದೆ ಧೂಳು ತಡೆಯುವ ಫಿಲ್ಟರ್ ಇದೆ. ಆ ಫಿಲ್ಟರ್ ಧೂಳನ್ನು ತಡೆಯುತ್ತದೆ, ಗಂಟೆಗಟ್ಟಲೆ ನಿಂತ ಕೊಳಚೆ ನೀರನ್ನು ತಡೆಯುವುದಿಲ್ಲ. ಒಳಗೆ ಹೋದ ನೀರು ತಟ್ಟೆಯ ಮೇಲೆ ಇರುವಷ್ಟು ಹೊತ್ತು ಅಷ್ಟೇನೂ ಕೇಡು ಮಾಡುವುದಿಲ್ಲ. ಅದು ಒಣಗಿದಾಗಲೇ ಕೆಸರು, ಉಪ್ಪು, ಖನಿಜ ಎಲ್ಲ ಕಲೆಯಾಗಿ ಕಚ್ಚಿಕೊಳ್ಳುತ್ತವೆ. ಆಮೇಲೆ ಕರೆಂಟ್ ಕೊಟ್ಟರೆ ಹೆಡ್ ಆ ಕಲೆಗೆ ಬಡಿದು ಲೇಪವನ್ನೇ ಕೆರೆದು ಹಾಕುತ್ತದೆ. ಹಾಗಾಗಿ ನೆನೆದ ಡಿಸ್ಕನ್ನು ಫ್ಯಾನಿನ ಮುಂದೆ, ಬಿಸಿಲಿಗೆ, ಅಕ್ಕಿ ಡಬ್ಬಕ್ಕೆ ಹಾಕಬಾರದು. ಹೇರ್ ಡ್ರೈಯರ್ ಅಂತೂ ಹತ್ತಿರ ತರಬಾರದು. ಒದ್ದೆ ಬಟ್ಟೆಯಲ್ಲಿ ಸುತ್ತಿ, ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಒಣಗುವ ಮೊದಲೇ ಬಲ್ಲವರ ಕೈಗೆ ತಲುಪಿಸಬೇಕು. ಕೇಳಲು ವಿಚಿತ್ರವಾದರೂ ಈ ಕಸುಬಿನವರು ಹೇಳುವ ಕ್ರಮ ಇದೇ.

2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ಮಳೆಗೆ ವೇಳಚ್ಚೇರಿ ಮತ್ತೆ ಕೆರೆಯಾದಾಗ ಅಲ್ಲಿರುವ ನಮ್ಮ ಚಿಕ್ಕಮ್ಮನ ಮಗ ಫೋನ್ ಮಾಡಿದ್ದ. “ಅಕ್ಕಾ, ಹಾರ್ಡ್ ಡಿಸ್ಕ್ ಒರೆಸಿ ಇಟ್ಟಿದೀನಿ, ಒಂದ್ಸಲ ಲ್ಯಾಪ್‌ಟಾಪಿಗೆ ಚುಚ್ಚಿ ನೋಡ್ಲಾ?” “ಬೇಡ ಕಣೋ, ಮುಟ್ಲೇಬೇಡ, ಹಂಗೇ ಕವರಲ್ಲಿ ಹಾಕಿಡು.” ಆ ‘ಒಂದ್ಸಲ’ ಎಂಬ ಆಸೆಯೇ ಅಪಾಯ. ಹಿಂಗಾರು ಮಳೆಯ ಈ ಊರಿನಲ್ಲಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಎಷ್ಟು ಮನೆಗಳಲ್ಲಿ ಈ ಮಾತು ಕೇಳಿಬರುತ್ತದೋ.

ಚೆನ್ನೈನಲ್ಲಿ ಡಿಸ್ಕ್ ಕೆಟ್ಟರೆ ಎಲ್ಲರೂ ಮೊದಲು ಹೇಳುವ ಹೆಸರು ರಿಚ್ಚಿ ಸ್ಟ್ರೀಟ್. ಅಣ್ಣಾ ಸಾಲೈಗೆ ಅಂಟಿಕೊಂಡ, ಚಿಂತಾದ್ರಿಪೇಟೆ ಕಡೆಯ ಈ ಗಲ್ಲಿಯೂ ಪಕ್ಕದ ನರಸಿಂಗಪುರಂ ಬೀದಿ, ವಾಲರ್ಸ್ ರಸ್ತೆಯೂ ಸೇರಿ ಆದ ಸಂತೆ ಅದು. ರೇಡಿಯೋ ಬಿಡಿಭಾಗಗಳ ವ್ಯಾಪಾರದಿಂದ ಬೆಳೆದು ಕಂಪ್ಯೂಟರ್, ಮೊಬೈಲ್, ಸಿಸಿಟಿವಿಗೆ ಬಂದು ನಿಂತಿದೆ. ಅಲ್ಲಿನ ರಿಪೇರಿ ಕಟ್ಟೆಯಲ್ಲಿ ಕೇಳುವ ಮೊದಲ ಪ್ರಶ್ನೆ ಒಳ್ಳೆಯ ವೈದ್ಯರು ಕೇಳುವಂಥದ್ದು: “ಉಳ್ಳೆ ಸತ್ತಂ ವರುದಾ ಸಾರ್?” ಒಳಗೆ ಸದ್ದು ಬರುತ್ತಾ ಎಂದು. ಡಿಸ್ಕಿನ ಕಾಯಿಲೆ ಅರ್ಧ ಪತ್ತೆಯಾಗುವುದು ಕಿವಿಯಿಂದಲೇ.

ಸದ್ದೇ ಇಲ್ಲ, ತಟ್ಟೆ ತಿರುಗುತ್ತಲೇ ಇಲ್ಲ ಎಂದರೆ ಮೊದಲ ಅನುಮಾನ ಕೆಳಗಿನ ಹಸಿರು ಬೋರ್ಡಿನ ಮೇಲೆ. ವೋಲ್ಟೇಜ್ ಏರಿದಾಗ, ತಪ್ಪು ಅಡಾಪ್ಟರ್ ಚುಚ್ಚಿದಾಗ ಬೋರ್ಡನ್ನು ಕಾಯಲೆಂದೇ ಇಟ್ಟ ಟಿವಿಎಸ್ ಡಯೋಡ್ ತಾನು ಶಾರ್ಟ್ ಆಗಿ ಉಳಿದದ್ದನ್ನು ಉಳಿಸುತ್ತದೆ. ಮಲ್ಟಿಮೀಟರ್ ಹಿಡಿದು ನೋಡಿ ಆ ಡಯೋಡ್ ಕಿತ್ತರೆ ಕೆಲವು ಡಿಸ್ಕುಗಳು ಎದ್ದು ಕೂರುತ್ತವೆ. ಫೈಲ್ ನಕಲು ಮಾಡಿಕೊಳ್ಳಲು ಅಷ್ಟು ಸಾಕು. ಬೋರ್ಡ್ ಪೂರ್ತಿ ಸುಟ್ಟಿದ್ದರೆ ಅದೇ ಮಾದರಿಯ ಇನ್ನೊಂದು ಬೋರ್ಡ್ ಹಾಕಿದರಾಯಿತು ಎಂಬುದು ಹಳೆಯ ಕಾಲದ ಮಾತು. ಈಗಿನ ಡಿಸ್ಕುಗಳಲ್ಲಿ ಆಯಾ ಡಿಸ್ಕಿನ ಹೆಡ್ಡುಗಳಿಗೆ ಕಾರ್ಖಾನೆಯಲ್ಲಿ ಅಳೆದು ಹೊಂದಿಸಿದ ಅಂಕಿಗಳು ಆ ಬೋರ್ಡಿನ ರೋಮ್ (ROM) ಚಿಪ್ಪಿನಲ್ಲಿರುತ್ತವೆ. ಎಂಟು ಕಾಲಿನ ಆ ಪುಟ್ಟ ಚಿಪ್ಪನ್ನು ಬಿಸಿಗಾಳಿಯಿಂದ ಎಬ್ಬಿಸಿ ಹೊಸ ಬೋರ್ಡಿಗೆ ಕೂರಿಸಬೇಕು. ರಿಚ್ಚಿ ಸ್ಟ್ರೀಟಿನ ಕೈಗಳಿಗೆ ಇದು ನೀರು ಕುಡಿದಷ್ಟು ಸುಲಭ. ಮೊಬೈಲ್ ಬೋರ್ಡಿನ ಮೇಲೆ ದಿನವಿಡೀ ಇದಕ್ಕಿಂತ ಸೂಕ್ಷ್ಮದ ಬೆಸುಗೆ ಹಾಕುವವರು ಅವರು.

ತಟ್ಟೆ ತಿರುಗುತ್ತದೆ, ಸದ್ದೂ ಸರಿಯಾಗಿದೆ, ಆದರೆ ಕಂಪ್ಯೂಟರಿಗೆ ಡಿಸ್ಕ್ ಕಾಣುವುದೇ ಇಲ್ಲ ಎಂದರೆ ಒಳಗಿನ ಫರ್ಮ್‌ವೇರ್ ಮೇಲೆ ಅನುಮಾನ. ಇದಕ್ಕೆ 2009ರ ಸೀಗೇಟ್ ಬಾರಾಕುಡಾ 7200.11 ಪ್ರಕರಣ ಒಳ್ಳೆಯ ಉದಾಹರಣೆ. ಫರ್ಮ್‌ವೇರಿನ ಒಂದು ದೋಷದಿಂದ ಆ ಡಿಸ್ಕುಗಳು ಆನ್ ಮಾಡಿದ ಕೂಡಲೇ ಕಲ್ಲಾಗಿ ಕೂರುತ್ತಿದ್ದವು. ಒಳಗಿನ ಒಂದು ಫೈಲೂ ಹಾಳಾಗಿರುತ್ತಿರಲಿಲ್ಲ. ಕಂಪನಿ ದೋಷ ಒಪ್ಪಿ ಹೊಸ ಫರ್ಮ್‌ವೇರ್ ಕೊಟ್ಟಿತು. ಆದರೆ ಆಗಲೇ ನಿಂತುಹೋದವನ್ನು ಎಬ್ಬಿಸಲು ರಿಪೇರಿಯವರು ಕಂಡುಕೊಂಡ ದಾರಿ ಸೊಗಸಾಗಿತ್ತು. ಡಿಸ್ಕಿನ ಹಿಂದಿರುವ ಸೀರಿಯಲ್ ಪಿನ್ನುಗಳಿಗೆ ನೋಕಿಯಾ ಫೋನಿನ ಸಿಎ-42 ಕೇಬಲ್ ಕತ್ತರಿಸಿ ಸೇರಿಸಿ, ಒಂದೊಂದೇ ಆಜ್ಞೆ ಟೈಪ್ ಮಾಡಿ ಡಿಸ್ಕನ್ನು ಮಾತಿಗೆ ಎಳೆಯುತ್ತಿದ್ದರು.

ಟಿಕ್, ಟಿಕ್ ಎಂದು ಒಂದೇ ಲಯದಲ್ಲಿ ಬಡಿಯುತ್ತಿದ್ದರೆ ಹೆಡ್ ಹೋಗಿದೆ ಎಂದು ಅರ್ಥ. ಹೆಡ್ ತನ್ನ ಗುರುತು ಹುಡುಕುತ್ತದೆ, ಸಿಗದೆ ಹಿಂದಿರುಗುತ್ತದೆ, ಮತ್ತೆ ಹುಡುಕುತ್ತದೆ. ಪ್ರತಿ ಟಿಕ್ಕಿಗೂ ತಟ್ಟೆಗೆ ಗೀರು ಬೀಳುವ ಸಾಧ್ಯತೆ ಇದೆ. ಗೀರಿದ ಲೇಪ ಪುಡಿಯಾಗಿ ಉದುರಿತು ಎಂದರೆ ಅಲ್ಲಿದ್ದ ಅಕ್ಷರಗಳೂ ಪುಡಿಯಾದವು. ಅದನ್ನು ತರುವ ವಿದ್ಯೆ ಜಗತ್ತಿನಲ್ಲಿ ಯಾರ ಬಳಿಯೂ ಇಲ್ಲ. ಹೆಡ್ ಬದಲಿಸಲು ಅದೇ ಮಾದರಿಯ, ಹತ್ತಿರದ ತಯಾರಿಕೆ ದಿನಾಂಕದ, ಅದೇ ಫರ್ಮ್‌ವೇರ್ ಕುಲದ ಇನ್ನೊಂದು ಡಿಸ್ಕ್ ಬೇಕು. ಈ ಕಸುಬಿನಲ್ಲಿ ಅದನ್ನು ಡೋನರ್ ಎನ್ನುತ್ತಾರೆ. ಶೋಧಿಸಿದ ಗಾಳಿ ಎಡೆಬಿಡದೆ ಬೀಸುವ ಸ್ವಚ್ಛ ಮೇಜಿನಲ್ಲಿ ಮುಚ್ಚಳ ತೆಗೆದು, ಹೆಡ್ಡುಗಳು ಒಂದಕ್ಕೊಂದು ತಾಗದಂತೆ ನಡುವೆ ಪುಟ್ಟ ಬಾಚಣಿಗೆಯಂಥ ಉಪಕರಣ ಸಿಕ್ಕಿಸಿ, ತೋಳನ್ನು ಮೆಲ್ಲಗೆ ಹೊರಗೆಳೆದು ಡೋನರಿನದನ್ನು ಕೂರಿಸಬೇಕು. ಇದು ಬೀದಿಬದಿಯ ಕಟ್ಟೆಯ ಕೆಲಸವಲ್ಲ. ಫ್ಯಾನ್ ತಿರುಗುತ್ತಿರುವ, ಹೊರಗೆ ಆಟೋಗಳು ಓಡುತ್ತಿರುವ ಅಂಗಡಿಯಲ್ಲಿ ಯಾರಾದರೂ “ಇಲ್ಲೇ ತೆಗೆದು ನೋಡೋಣ” ಎಂದು ಸ್ಕ್ರೂಡ್ರೈವರ್ ಹಿಡಿದರೆ ಡಿಸ್ಕ್ ವಾಪಸ್ ಇಸಿದುಕೊಂಡು ಬರಬೇಕು. ಸ್ವಚ್ಛ ಕೋಣೆ ಇಟ್ಟುಕೊಂಡ ಪ್ರಯೋಗಾಲಯಗಳು ಇಂದು ಚೆನ್ನೈನಲ್ಲೂ ಬೆಂಗಳೂರಿನಲ್ಲೂ ಇವೆ. ಖರ್ಚು ಹೆಚ್ಚು, ಡೋನರ್ ಡಿಸ್ಕಿನ ಬೆಲೆ ಬೇರೆ. ಆ ಖರ್ಚಿಗೆ ತಕ್ಕ ಫೈಲ್ ಒಳಗಿದೆಯೇ ಎಂದು ಯೋಚಿಸಿ ನಿರ್ಧರಿಸಬೇಕು, ಅಷ್ಟೆ. ಅರ್ಧ ದಾರಿಯ ಸಾಹಸ ಮಾತ್ರ ಬೇಡ.

ಕಾಯಿಲೆ ಯಾವುದೇ ಇರಲಿ, ಬಲ್ಲವರ ಕೆಲಸ ಕೊನೆಗೆ ಬಂದು ನಿಲ್ಲುವುದು ನಕಲಿನಲ್ಲಿ. ಕೆಟ್ಟ ಡಿಸ್ಕನ್ನು ಅವರು ರಿಪೇರಿ ಮಾಡುವುದಿಲ್ಲ. ಅದು ಇನ್ನೊಂದಷ್ಟು ಗಂಟೆ ಬದುಕುವಂತೆ ಮಾಡಿ, ಆ ಹೊತ್ತಿನಲ್ಲಿ ಒಳಗಿನದನ್ನು ಸೆಕ್ಟರ್ ಸೆಕ್ಟರಾಗಿ ಬೇರೆ ಡಿಸ್ಕಿಗೆ ಇಳಿಸಿಕೊಳ್ಳುತ್ತಾರೆ. ಆಂಟೋನಿಯೊ ಡಿಯಾಸ್ ಡಿಯಾಸ್ ಬರೆದ ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶದ ನಡೆ ನೋಡಿದರೆ ಈ ವಿವೇಕ ಅರ್ಥವಾಗುತ್ತದೆ. ಮೊದಲ ಸುತ್ತಿನಲ್ಲಿ ಸಲೀಸಾಗಿ ಬರುವ ಭಾಗಗಳನ್ನಷ್ಟೇ ಬಾಚಿಕೊಂಡು, ತಡಕಾಡುವ ಜಾಗವನ್ನು ಗುರುತು ಹಾಕಿ ಹಾರಿಬಿಡುತ್ತದೆ. ಎರಡನೆಯ, ಮೂರನೆಯ ಸುತ್ತಿನಲ್ಲಿ ಆ ಗುರುತಿನ ಜಾಗಗಳ ಅಂಚಿಗೆ ಬಂದು ಸ್ವಲ್ಪ ಸ್ವಲ್ಪ ಕೆರೆಯುತ್ತದೆ. ಎಲ್ಲಿಯವರೆಗೆ ಬಂದೆ ಎಂಬುದನ್ನು ಒಂದು ಫೈಲಿನಲ್ಲಿ ಬರೆದಿಡುವುದರಿಂದ ನಡುವೆ ನಿಂತರೂ ಅಲ್ಲಿಂದಲೇ ಮುಂದುವರಿಯಬಹುದು. ದೊಡ್ಡ ಪ್ರಯೋಗಾಲಯಗಳ ಪಿಸಿ-3000ದಂಥ ಯಂತ್ರಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ನಾಲ್ಕು ಹೆಡ್ಡುಗಳಲ್ಲಿ ಒಂದು ಸೊರಗಿದ್ದರೆ ಉಳಿದ ಮೂರರಿಂದ ಮೊದಲು ಎಲ್ಲವನ್ನೂ ತೆಗೆದುಕೊಂಡು, ಕೊನೆಗೆ ಆ ಸೊರಗಿದ್ದನ್ನು ಕೆಲಸಕ್ಕೆ ಹಚ್ಚುತ್ತವೆ.

ಇದಕ್ಕೆ ನೇರ ವಿರುದ್ಧವಾದದ್ದು ನಾವು ಮನೆಯಲ್ಲಿ ಮಾಡುವ ಕೆಲಸ. ಡಿಸ್ಕ್ ನಿಧಾನವಾಯಿತೆಂದು ಚೆಕ್‌ಡಿಸ್ಕ್ ಓಡಿಸುತ್ತೇವೆ. ಅದು ಫೈಲುಗಳನ್ನು ಉಳಿಸಲು ಇರುವುದಲ್ಲ, ಡಿಸ್ಕಿನ ಲೆಕ್ಕಪುಸ್ತಕವನ್ನು ಸರಿದೂಗಿಸಲು ಇರುವುದು. ಸಾಯುತ್ತಿರುವ ಡಿಸ್ಕಿನ ಮೇಲೆ ಬರೆಯುತ್ತದೆ, ಉಜ್ಜುತ್ತದೆ, ತುಂಡಾದದ್ದನ್ನು ಕತ್ತರಿಸಿ ಪಕ್ಕಕ್ಕಿಡುತ್ತದೆ. ‘ಫಾರ್ಮ್ಯಾಟ್ ಮಾಡಬೇಕೆ?’ ಎಂದು ವಿಂಡೋಸ್ ಕೇಳಿದರೆ ಗಾಬರಿಯಲ್ಲಿ ‘ಹೌದು’ ಒತ್ತುವವರಿದ್ದಾರೆ. ಅಳಿಸಿಹೋದ ಫೈಲ್ ಹುಡುಕುವ ತಂತ್ರಾಂಶವನ್ನು ಅದೇ ಡಿಸ್ಕಿಗೆ ಇಳಿಸಿಕೊಂಡು, ಹುಡುಕಬೇಕಾದ ಫೈಲಿನ ಮೇಲೆಯೇ ಅದನ್ನು ಬರೆಸುವವರಿದ್ದಾರೆ. ಒಮ್ಮೆ ಮೇಲೆ ಬರೆದರೆ ಕೆಳಗಿದ್ದದ್ದು ಹೋಯಿತು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನಮ್ಮ ಹಿರಿಯರು ಹೇಳಿದ್ದು ಇಲ್ಲಿಗೆ ಅಕ್ಷರಶಃ ಸಲ್ಲುತ್ತದೆ.

ಮೂಲವನ್ನು ಮುಟ್ಟದಿರುವ ಈ ಶಿಸ್ತಿನ ಕಟ್ಟುನಿಟ್ಟು ರೂಪ ಪೊಲೀಸ್ ತನಿಖೆಯಲ್ಲಿದೆ. 1849ರಲ್ಲಿ ಮದ್ರಾಸಿನಲ್ಲಿ ವಿಷ ಪತ್ತೆಗೆಂದು ರಸಾಯನ ಪರೀಕ್ಷಕರ ಪ್ರಯೋಗಾಲಯ ಶುರುವಾಯಿತು. ಭಾರತದ ವಿಧಿವಿಜ್ಞಾನದ ಮೊದಲ ಮನೆ ಅದು. ಇಂದಿನ ವಿಧಿವಿಜ್ಞಾನಿ ಡಿಸ್ಕನ್ನು ಬರವಣಿಗೆ ತಡೆಯುವ ಉಪಕರಣದ ಮೂಲಕವೇ ಜೋಡಿಸಿ, ಇಡೀ ಡಿಸ್ಕಿನ ನಕಲು ತೆಗೆದು, ಮೂಲ ಮತ್ತು ನಕಲಿನ ಬೆರಳಚ್ಚಿನಂಥ ಹ್ಯಾಶ್ ಸಂಖ್ಯೆ ತಾಳೆ ನೋಡುತ್ತಾರೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಆ ಹ್ಯಾಶ್ ಸಂಖ್ಯೆಯನ್ನೂ ಬರೆಯಬೇಕು.

ಡಿಸ್ಕ್ ಎಷ್ಟು ಹೊಡೆತ ತಾಳಬಲ್ಲದು ಎಂಬುದಕ್ಕೆ ನನಗೆ ಸದಾ ನೆನಪಾಗುವುದು ಕೊಲಂಬಿಯಾ ಬಾಹ್ಯಾಕಾಶ ನೌಕೆ. 2003ರ ಫೆಬ್ರುವರಿ 1ರಂದು ಕಲ್ಪನಾ ಚಾವ್ಲಾ ಸೇರಿ ಏಳು ಮಂದಿಯನ್ನು ಬಲಿತೆಗೆದುಕೊಂಡ ಆ ನೌಕೆಯಲ್ಲಿ ಕ್ಸೆನಾನ್ ದ್ರವದ ಸ್ನಿಗ್ಧತೆ ಅಳೆಯುವ ಪ್ರಯೋಗವೊಂದಿತ್ತು. ಅದರ 400 ಎಂಬಿಯ ಸೀಗೇಟ್ ಡಿಸ್ಕ್ ಒಣಗಿದ ಕೆರೆಯಂಗಳದಲ್ಲಿ, ಸುಟ್ಟು ಕರಕಲಾಗಿ ಸಿಕ್ಕಿತು. ಸೀಲು ಕರಗಿ ಒಳಗೆ ಮಣ್ಣು ಸೇರಿತ್ತು. ಕ್ರಾಲ್ ಆನ್‌ಟ್ರ್ಯಾಕ್ ಕಂಪನಿಯವರು ತಟ್ಟೆಗಳನ್ನು ತೆಗೆದು ತೊಳೆದು, ಹೊಸ ಡಿಸ್ಕಿನೊಳಗೆ ಕೂರಿಸಿ ಶೇಕಡಾ 99ರಷ್ಟು ಡೇಟಾ ತೆಗೆದರು. ಹಳೆಯ ಡಾಸ್ ವ್ಯವಸ್ಥೆ ಫೈಲುಗಳನ್ನು ಚದುರಿಸದೆ ಒಂದೇ ಕಡೆ ಬರೆದಿದ್ದದ್ದೂ ನೆರವಾಯಿತು. ಅದೇ ನೌಕೆಯ ಇನ್ನೆರಡು ಡಿಸ್ಕುಗಳಿಂದ ಏನೂ ಸಿಗಲಿಲ್ಲ. ಪ್ರಯೋಗದ ಫಲಿತಾಂಶ 2008ರಲ್ಲಿ ‘ಫಿಸಿಕಲ್ ರಿವ್ಯೂ ಇ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆಕಾಶದಿಂದ ಬಿದ್ದು, ಬೆಂಕಿಯಲ್ಲಿ ಬೆಂದ ಡಿಸ್ಕಿನಲ್ಲಿ ಅಕ್ಷರ ಉಳಿದಿತ್ತು. ಸಿಕ್ಕ ಮೇಲೆ ಅದನ್ನು ಯಾರೂ ‘ಒಂದ್ಸಲ’ ಕರೆಂಟಿಗೆ ಚುಚ್ಚಿ ನೋಡಲಿಲ್ಲ ಎಂಬುದನ್ನು ಗಮನಿಸಬೇಕು.

ಎಸ್‌ಎಸ್‌ಡಿ ಬಂದ ಮೇಲೆ ಈ ಕಥೆ ಬದಲಾಗಿದೆ. ಅದರಲ್ಲಿ ತಟ್ಟೆಯಿಲ್ಲ, ಟಿಕ್ ಸದ್ದಿಲ್ಲ, ಮುನ್ಸೂಚನೆಯೂ ಹೆಚ್ಚಾಗಿ ಇಲ್ಲ. ಫೈಲ್ ಅಳಿಸಿದಾಗ ಟ್ರಿಮ್ ಎಂಬ ಆಜ್ಞೆ ಆ ಜಾಗವನ್ನು ನಿಜಕ್ಕೂ ಖಾಲಿ ಮಾಡಿಸುವುದರಿಂದ ಅಳಿಸಿದ್ದು ಮರಳಿ ಸಿಗುವುದು ಅಪರೂಪ. ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕುವ ಬಿಟ್‌ಲಾಕರ್ ಆನ್ ಆಗಿರುವ ಲ್ಯಾಪ್‌ಟಾಪುಗಳಿಗೆ 48 ಅಂಕೆಗಳ ರಿಕವರಿ ಕೀ ಇಲ್ಲದಿದ್ದರೆ ಚಿಪ್ಪಿನಿಂದ ಎಲ್ಲ ತೆಗೆದರೂ ಓದಲಾಗದು. ಆ ಕೀ ಎಲ್ಲಿದೆ ಎಂದು ಇವತ್ತೇ ನೋಡಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಹಳೆಯ ಡಿಸ್ಕ್ ಮುನ್ಸೂಚನೆ ಕೊಡುತ್ತದಲ್ಲ ಎಂದು ನೆಚ್ಚಿಕೊಳ್ಳುವ ಹಾಗೂ ಇಲ್ಲ. ಗೂಗಲ್‌ನ ಮೂವರು ಎಂಜಿನಿಯರುಗಳು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಬರೆದ ಪ್ರಬಂಧದ ಪ್ರಕಾರ, ಕೆಟ್ಟ ಡಿಸ್ಕುಗಳಲ್ಲಿ ಶೇಕಡಾ 36ಕ್ಕೂ ಹೆಚ್ಚಿನವು ಡಿಸ್ಕ್ ತನ್ನನ್ನು ತಾನೇ ತಪಾಸಿಸಿಕೊಳ್ಳುವ ಸ್ಮಾರ್ಟ್ ಸೂಚಕಗಳಲ್ಲಿ ಉಷ್ಣತೆ ಬಿಟ್ಟು ಬೇರಾವುದರಲ್ಲೂ ಸುಳಿವು ಕೊಟ್ಟಿರಲಿಲ್ಲ. ಆದರೆ ಸುಳಿವು ಕೊಟ್ಟರೆ ಅಸಡ್ಡೆ ಕೂಡದು. ಮೊದಲ ಸ್ಕ್ಯಾನ್ ದೋಷ ಕಂಡ ಡಿಸ್ಕು ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ ಉಳಿದವುಗಳಿಗಿಂತ 39 ಪಟ್ಟು ಹೆಚ್ಚಿತ್ತು.

ಡಿಸ್ಕಿನ ನಕಲು ಸಿಕ್ಕಿದ ಮೇಲೆ ಕನ್ನಡದವರಿಗೆ ಇನ್ನೊಂದು ಕೆಲಸ ಬಾಕಿ ಇರುತ್ತದೆ. ಇದರ ಬಗ್ಗೆ ಯಾರೂ ಹೇಳುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಡಿಸ್ಕಿನ ಫೈಲ್ ಪಟ್ಟಿ ಹಾಳಾಗಿದ್ದರೆ ಫೋಟೊರೆಕ್‌ನಂಥ ತಂತ್ರಾಂಶಗಳು ಹೆಸರಿನ ಹಂಗಿಲ್ಲದೆ, ಫೈಲಿನ ಮೊದಲ ಬೈಟುಗಳ ಗುರುತಿನಿಂದ ಹುಡುಕುತ್ತವೆ. ಜೆಪೆಗ್ ಚಿತ್ರ ಎಫ್‌ಎಫ್, ಡಿ8, ಎಫ್‌ಎಫ್ ಎಂದು ಶುರುವಾಗುತ್ತದೆ. ಹೊಸ ವರ್ಡ್ ಫೈಲ್ ‘ಪಿಕೆ’ ಎಂಬ ಎರಡಕ್ಷರದಿಂದ. ಹೀಗೆ ಸಿಕ್ಕಿದ್ದಕ್ಕೆ ಹಳೆಯ ಹೆಸರಿರುವುದಿಲ್ಲ, ಸೆಕ್ಟರ್ ಸಂಖ್ಯೆಯೇ ಹೆಸರು. ‘ಅಜ್ಜಿಯ ಅಡುಗೆ’ ಎಂಬ ಫೈಲ್ ಸಾವಿರಾರು ಅಂಕಿಗಳ ನಡುವೆ ಎಲ್ಲೋ ಇರುತ್ತದೆ.

ಅದು ಯೂನಿಕೋಡಿನಲ್ಲಿ ಬರೆದ ಸಾದಾ ಪಠ್ಯವಾಗಿದ್ದರೆ ಹುಡುಕಲು ಒಂದು ಹಾದಿಯಿದೆ. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಮೂರು ಬೈಟು. ಮೊದಲನೆಯದು ಇ0, ಎರಡನೆಯದು ಬಿ2 ಅಥವಾ ಬಿ3. ‘ಕ’ ಎಂದರೆ ಇ0, ಬಿ2, 95. ಡಿಸ್ಕಿನ ನಕಲಿನಲ್ಲಿ ಇ0 ಬಿ2 ಒತ್ತೊತ್ತಾಗಿ ಕಂಡಲ್ಲೆಲ್ಲ ಕನ್ನಡವಿದೆ ಎಂದು ಲೆಕ್ಕ. ಹಳೆಯ ವರ್ಡ್ ಫೈಲಿನಲ್ಲಾದರೆ ಅದೇ ‘ಕ’ 95, 0ಸಿ ಎಂದು ಕೂತಿರುತ್ತದೆ. ಹೊಸ ವರ್ಡ್ ಫೈಲುಗಳು ಒತ್ತಿ ಮಡಚಿದ ಗಂಟುಗಳಾದ್ದರಿಂದ ಮೊದಲು ಬಿಚ್ಚಿಯೇ ಹುಡುಕಬೇಕು.

ಆದರೆ 1990ರ ದಶಕದಿಂದ ಸುಮಾರು 2010ರವರೆಗೆ ಕನ್ನಡದಲ್ಲಿ ಟೈಪಾದ ಬಹುಪಾಲು ಯೂನಿಕೋಡ್ ಅಲ್ಲ. ನುಡಿ, ಬರಹ, ಶ್ರೀಲಿಪಿ, ಆಕೃತಿಯ ಫಾಂಟುಗಳಲ್ಲಿ, ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಬರಹ ಅದು. ‘ಕನ್ನಡ’ ಎಂದು ನುಡಿಯಲ್ಲಿ ಟೈಪಿಸಿದ ಪದ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಹೀಗೆ ಕಾಣುತ್ತದೆ: ದೊಡ್ಡ ಪಿ, ನೆತ್ತಿಯ ಮೇಲೆ ಓರೆಗೆರೆ ಇರುವ ಎ, ಪೌಂಡ್ ಚಿಹ್ನೆ, ಮತ್ತದೇ ಎ, ಜರ್ಮನ್ನರ ಜೋಡಿ ಎಸ್, ಸಣ್ಣ ಕ್ಯೂ, ಕೊನೆಗೆ ಇನ್ನೊಮ್ಮೆ ಅದೇ ಎ. ರಿಕವರಿ ಅಂಗಡಿಯ ಹುಡುಗ ಇದನ್ನು ನೋಡಿ “ಫೈಲ್ ಕರಪ್ಟ್ ಆಯಿಡುಚ್ಚು ಸಾರ್” ಎಂದರೆ ತಪ್ಪು ಅವನದಲ್ಲ. ಆದರೆ ಅವನ ಮಾತು ಕೇಳಿ ಡಿಲೀಟ್ ಮಾಡಿಸಿದರೆ ಒಂದು ಪುಸ್ತಕದ ಹಸ್ತಪ್ರತಿಯೇ ಹೋದೀತು. ಫೈಲ್ ಚೆನ್ನಾಗಿಯೇ ಇದೆ, ಫಾಂಟ್ ಇಲ್ಲ, ಅಷ್ಟೆ. ವಿವರಿಸಿ ಹೇಳಿದರೆ ಚೆನ್ನೈನವರಿಗೆ ಬೇಗ ಅರ್ಥವಾಗುತ್ತದೆ, ತಮಿಳಿನದೂ ಇದೇ ಪಾಡಾಗಿತ್ತು. ಹತ್ತಾರು ಸಂಕೇತಗಳ ಗೋಜಲು ಬಿಡಿಸಲು 1999ರಲ್ಲಿ ಇದೇ ಊರಿನಲ್ಲಿ ತಮಿಳ್‌ನೆಟ್ 99 ಸಮ್ಮೇಳನ ನಡೆದು ಟ್ಯಾಮ್, ಟ್ಯಾಬ್ ಎಂಬ ಸಂಕೇತಗಳು ಬಂದವು.

ಆದ್ದರಿಂದ ಡಿಸ್ಕ್ ಕೊಡುವಾಗಲೇ ಹೇಳಿಬಿಡಬೇಕು: ಕನ್ನಡ ಫೈಲುಗಳಿವೆ, ಓದಲಾಗದಂತೆ ಕಂಡರೂ ಬಿಸಾಡಬೇಡಿ, ಪೇಜ್‌ಮೇಕರ್ ಫೈಲುಗಳನ್ನೂ ವಿಂಡೋಸ್‌ನ ಫಾಂಟ್ಸ್ ಫೋಲ್ಡರನ್ನೂ ಪೂರ್ತಿ ತೆಗೆದುಕೊಡಿ. ಹಣ ಕೊಡುವ ಮೊದಲು ಸಿಕ್ಕ ಫೈಲುಗಳ ಪಟ್ಟಿ ಕೇಳಬೇಕು, ಹತ್ತಿಪ್ಪತ್ತನ್ನು ಅಲ್ಲೇ ತೆರೆಸಿ ನೋಡಬೇಕು. ಫೈಲುಗಳನ್ನು ಹೊಸ ಡಿಸ್ಕಿನಲ್ಲಿ ಪಡೆದು, ಹಳೆಯ ಡಿಸ್ಕನ್ನೂ ವಾಪಸ್ ತರಬೇಕು. ಅವರು ಮಾಡಿಕೊಂಡ ನಕಲನ್ನು ಅಳಿಸುವಂತೆ ಬರೆದು ಕೇಳಬೇಕು. ಮನೆಯವರ ಫೋಟೊ, ಬ್ಯಾಂಕಿನ ಕಾಗದ ಎಲ್ಲ ಅದರಲ್ಲಿರುತ್ತದೆ. ಹೆಡ್ ಬದಲಿಸಿದ ಡಿಸ್ಕ್ ಮತ್ತೆ ಬಳಕೆಗೆ ಬರುವುದಿಲ್ಲ.

ಮನೆಗೆ ಬಂದ ಮೇಲೆ ಹಳೆಯ ಫಾಂಟುಗಳ ಫೈಲುಗಳನ್ನು ಆಸ್ಕಿಯಿಂದ (ಅಂಥ ಬರಹಕ್ಕೆ ರೂಢಿಯ ಹೆಸರು ಅದು) ಯೂನಿಕೋಡಿಗೆ ತರುವ ಪರಿವರ್ತಕಕ್ಕೆ ಕೊಡಬಹುದು. ಬಹುಪಾಲು ಸರಿಯಾಗಿ ಬರುತ್ತದೆ, ಅರ್ಕಾವತ್ತಿನ ಕಡೆ ಮಾತ್ರ ಕಣ್ಣಿಟ್ಟು ಓದಬೇಕು. ಹಳೆಯ ಫಾಂಟುಗಳಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲೇ, ವ್ಯಂಜನದ ನಂತರ ಕೂತಿರುತ್ತದೆ. ಯೂನಿಕೋಡಿನಲ್ಲಿ ಅದು ಉಚ್ಚಾರದ ಕ್ರಮದಲ್ಲಿ ಮೊದಲು ಬರಬೇಕು. ಕೆಲವು ಪರಿವರ್ತಕಗಳು ಇಲ್ಲಿ ಎಡವುತ್ತವೆ. ಒತ್ತಕ್ಷರ ಮತ್ತು ದೀರ್ಘದ ಜೋಡಿಗಳಲ್ಲೂ ಹಾಗೇ. ಸಾಲುಸಾಲಾಗಿ ಓದಿ ತಿದ್ದಿದ ಮೇಲೂ ಮೂಲ ಆಸ್ಕಿ ಫೈಲನ್ನು ಅದರ ಫಾಂಟಿನ ಸಮೇತ ಒಂದೇ ಫೋಲ್ಡರಿನಲ್ಲಿಟ್ಟು, ಎರಡು ಬೇರೆ ಬೇರೆ ಡಿಸ್ಕುಗಳಿಗೆ ಹಾಕಿ, ಅದರಲ್ಲೊಂದನ್ನು ಊರಿನ ಮನೆಗೆ ಕಳಿಸಬೇಕು.